ಹೆಪ್ಪಾಗದ ಹಾಲು

ಗಾಜಿನ ಪಟ್ಟಿಗಳ ಕಿಟಕಿ. ಕಿಟಕಿಯ ಕೆಳಗೆ ಒಂದು ಮೇಜು. ಮೇಜಿನ ನಡುವೆ, ತಟ್ಟೆ ಮುಚ್ಚಿದ ಬಿಳಿ ಎನಾಮಲ್ ಬೋಗುಣಿ. ಅದರ ಅಂಚಿಗೊಂದು ನೀಲಿ ಗೆರೆ; ಗೆರೆ ಒಂದು ಕಡೆ ಚಕ್ಕೆಯೆದ್ದು ಒಳಗಿನ ಕಬ್ಬಿಣದ ಕಪ್ಪು ಕಾಣುತ್ತಿದೆ. ಬೆಳಗಿನ ಬೆಳಕು ಪಟ್ಟಿಗಳ ಸಂದಿನಲ್ಲಿ ತುಂಡುತುಂಡಾಗಿ ಇಳಿದು ಮೇಜಿನ ಮೇಲೆ ಏಣಿಯ ಹಾಗೆ ಮಲಗಿದೆ. ಬೋಗುಣಿಯ ಎಡಕ್ಕೆ, ಪಾತ್ರೆ ಒಣಗಿಸುವ ತಂತಿಯ ಬುಟ್ಟಿಯಲ್ಲಿ, ಹಸಿರು ಪ್ಲಾಸ್ಟಿಕ್ ಜಗ್ಗು ಬೋರಲು ಬಿದ್ದಿದೆ. ಅದರ ಪೊಳ್ಳು ಹಿಡಿಯ ತೂತಿನಲ್ಲಿ ಒಂದು ಹನಿ, ಬೀಳಲೋ ಬೇಡವೋ ಎಂದು ನಿಂತಿದೆ. ಗೋಡೆಯ ಪಕ್ಕದಲ್ಲಿ ಮೊಟ್ಟೆಯ ಟ್ರೇಗಳು ಒಂದರ ಮೇಲೊಂದು ಏರಿ ಕಿಟಕಿಯ ಅಡಿಯನ್ನು ಮುಟ್ಟಿವೆ; ಒಂದೊಂದು ಗುಳಿಯಲ್ಲೂ ಒಂದೊಂದು ಕಂದು ಮೊಟ್ಟೆ, ತುದಿ ಮೇಲೆ ಮಾಡಿಕೊಂಡು, ಏನನ್ನೋ ಕೇಳಿಸಿಕೊಳ್ಳುತ್ತಿರುವಂತೆ.

ಸುಖ್‌ರಾಜಿ ಆಜಿ ತಟ್ಟೆ ಎತ್ತಿದಳು. ಬೋಗುಣಿಯನ್ನು ಓರೆ ಮಾಡಿದಳು. ಹಾಲು ನೀರಿನಂತೆ ಹರಿದು ಚಕ್ಕೆಯೆದ್ದ ಅಂಚಿಗೆ ಬಂತು.

“ಪ್ರನಿತಾ, ಇವತ್ತೂ ಇಲ್ಲ.”

ಒಲೆಯ ಮುಂದೆ ರೊಟ್ಟಿ ಬೇಯಿಸುತ್ತಿದ್ದ ಸೊಸೆ ತಿರುಗದೆಯೇ ಕೇಳಿದಳು: “ಹುಳಿಯಾದ್ರೂ ಆಗಿದ್ಯಾ ಅಮ್ಮಾ?”

“ಹುಳಿನೂ ಇಲ್ಲ, ಕೆಟ್ಟೂ ಇಲ್ಲ. ನಿನ್ನೆ ಸಂಜೆ ಹೇಗೆ ಇಟ್ಟಿದ್ನೋ ಹಾಗೇ ಇದೆ. ಕೆಟ್ಟುಹೋಗೋಕಾದ್ರೂ ಬುದ್ಧಿ ಬೇಡ್ವಾ ಈ ಹಾಲಿಗೆ?”

ರಾಮನವಮಿಯ ಉಪವಾಸ ಶುರುವಾಗಿ ಅಂದಿಗೆ ನಾಲ್ಕನೆಯ ದಿನ. ಒಂಬತ್ತು ದಿನ ನಮ್ಮ ದ್ವೀಪದ ಸಿಂಗತೋಕ ಕಣಿವೆಯ ಹಿಂದೂ ಮನೆಗಳಲ್ಲಿ ಮಾಂಸ, ಮೀನು, ಮೊಟ್ಟೆ ಯಾವುದೂ ಒಲೆಯ ಹತ್ತಿರ ಸುಳಿಯುವುದಿಲ್ಲ. ಕುಂಬಳಕಾಯಿ ಪಲ್ಯ, ತೊವ್ವೆ, ಕೆಸುವಿನ ಗೆಡ್ಡೆ, ಜೊತೆಗೆ ಮೊಸರು. ಮೊಸರಿಲ್ಲದೆ ಆ ಊಟ ಗಂಟಲಲ್ಲಿ ಇಳಿಯುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಒಂಬತ್ತನೆಯ ದಿನ ದೇವರ ಮುಂದಿಡುವ ಮೊಸರನ್ನು ಆ ಮನೆಯಲ್ಲಿ ಎಂದೂ ಹೊರಗಿನಿಂದ ತಂದದ್ದಿಲ್ಲ.

“ನಿನ್ನ ಕೈಬಿಸಿ ಜಾಸ್ತಿ,” ಎಂದಳು ಆಜಿ.

“ನಿನ್ನೆ ನೀವೇ ಹೆಪ್ಪು ಹಾಕಿದ್ದು ಅಮ್ಮಾ.”

“ಹಾಗಾದ್ರೆ ನನ್ನ ಕೈ ತಣ್ಣಗಾಗಿದೆ.”

ಇಬ್ಬರೂ ನಕ್ಕರು. ಆದರೆ ಆಜಿಯ ಕಣ್ಣು ಬೋಗುಣಿಯನ್ನು ಬಿಟ್ಟಿರಲಿಲ್ಲ.

ಆ ಮನೆಯ ಜೀವನವೆಲ್ಲ ಹಿತ್ತಿಲ ಕೋಳಿ ಶೆಡ್ಡಿನ ಸುತ್ತ ನಡೆಯುವುದು. ಆಜಿಯ ಗಂಡ ರಾಮೌತಾರ್ ಕಬ್ಬಿನ ಗುತ್ತಿಗೆ ನೆಲ ಕೈಬಿಟ್ಟ ವರ್ಷ ಅದನ್ನು ಕಟ್ಟಿದ. ಅಂದಿನಿಂದ ಶೆಡ್ಡಿನ ಕೀಲಿ ಹಗಲು ಅವನ ಸೊಂಟದಲ್ಲಿ, ರಾತ್ರಿ ಬಾಗಿಲ ಪಕ್ಕದ ಗೂಟದಲ್ಲಿ ಇರುತ್ತಿತ್ತು. ಈ ಹೊಸ ವರ್ಷದ ದಿನ ಅದನ್ನು ಬಿಚ್ಚಿ ಮಗ ಧರ್ಮೇನನ ಕೈಗೆ ಕೊಟ್ಟಿದ್ದ. ಕೊಡುವಾಗ ಆ ಗೂಟವನ್ನು ತೋರಿಸಿ ಆಡಿದ ಮಾತು ಮನೆಮಂದಿಗೆಲ್ಲ ಕಂಠಪಾಠವಾಗಿತ್ತು: “ಒಂದು ತಪ್ಪು. ಒಂದೇ ತಪ್ಪು. ಕೀಲಿ ಈ ಗೂಟಕ್ಕೆ ವಾಪಸ್ಸು.” ಅಂದಿನಿಂದ ಮುದುಕ ಮುಂದಿನ ಕೋಣೆಯಲ್ಲಿ ಕುಳಿತು ಎರಡೇ ಕೆಲಸ ಮಾಡುತ್ತಿದ್ದ: ಬರಿದಾದ ಆ ಗೂಟವನ್ನು ನೋಡುವುದು, ಯಾರಾದರೂ ಸ್ಪ್ರಿಂಗಿನ ಜಾಲರಿ ಬಾಗಿಲನ್ನು ಢಪ್ಪೆನ್ನಿಸಿದರೆ “ಮುರೀರಿ, ಮನೆ ಮುರೀರಿ!” ಎಂದು ಕೂಗುವುದು.

ಚಂಡಮಾರುತದ ಬಾಲದ ಮಳೆ ಎರಡು ವಾರ ಬಿಡದೆ ಹೊಡೆದ ಮೇಲೆ ಕೋಳಿಗಳಿಗೆ ಕೆಮ್ಮು ಹಿಡಿದಿತ್ತು. ಶೆಡ್ಡಿನಲ್ಲಿ ಸಂಜೆಯ ಹೊತ್ತು ನಿಂತರೆ ನೂರಾರು ಪುಟ್ಟ ಗಂಟಲುಗಳು ಕಿರ್ ಕಿರ್ ಎನ್ನುವುದು ಕೇಳಿಸುತ್ತಿತ್ತು. ಉಪವಾಸದ ಹಿಂದಿನ ದಿನ, ಬಾತುಕೋಳಿಯ ಸಾರಿನ ಕೊನೆಯ ಊಟಕ್ಕೆ ಕುಳಿತಾಗ, ಧರ್ಮೇನ್ ಒಂದು ಉಪಾಯ ಹೇಳಿದ್ದ.

“ಕೇಳಿ ಪಿತಾಜಿ. ನಾಳೆಯಿಂದ ಒಂಬತ್ತು ದಿನ ನಮ್ಮ ಗಿರಾಕಿಗಳು ಯಾರೂ ಮೊಟ್ಟೆ ಮುಟ್ಟಲ್ಲ. ಹೌದು ತಾನೆ? ಔಷಧಿ ಈಗಲೇ ಹಾಕಿಬಿಡ್ತೀನಿ. ಮೊದಲ ಮೂರು ದಿನ ನೀರಲ್ಲಿ ಪುಡಿ. ಡಬ್ಬದ ಮೇಲೆ ಬರ್ದಿದೆ, ನಿಲ್ಲಿಸಿದ ಮೇಲೆ ಒಂದು ವಾರ ಕಾಯ್ಬೇಕು ಅಂತ. ಕಾಯಲಿ! ಮೊಟ್ಟೆ ಟ್ರೇನಲ್ಲಿ ಹಾಯಾಗಿ ಕೂತಿರಲಿ. ವಾರ ಮುಗಿಯೋ ಹೊತ್ತಿಗೆ ಈಸ್ಟರ್. ಹೊಳೆಯಾಚೆ ಲೋಸಾನಾ ಅವರ ಚರ್ಚಿನ ಊಟಕ್ಕೆ ಅಷ್ಟೂ ಕೊಟ್ಟುಬಿಡೋದು.”

ರಾಮೌತಾರ್ ಮೂಳೆ ಚೀಪುವುದನ್ನು ನಿಲ್ಲಿಸಿ ಮಗನನ್ನು ಹೊಸದಾಗಿ ನೋಡಿದ. “ಅರೆ ವಾಹ್! ನಾನು ಒಂದು ದಿನ ಕಾದವನಲ್ಲ ಕಣೋ. ಕೋಳಿ ಕೆಮ್ಮಿದ್ರೆ ಪುಡಿ, ಸೀನಿದ್ರೆ ಪುಡಿ. ಬೆಳಿಗ್ಗೆ ಔಷಧಿ, ಮಧ್ಯಾಹ್ನ ಮಾರುಕಟ್ಟೆ.”

“ಅದಕ್ಕೇ ಹೇಳಿದ್ದು, ಈಗಿನ ಕಾಲ ಹಾಗಲ್ಲ. ನಿಯಮ ಅಂದ್ರೆ ನಿಯಮ.”

“ಆ ಡಬ್ಬ ಎಲ್ಲಿಂದ ಬಂತು?” ಪ್ರನಿತಾ ಕೇಳಿದ್ದಳು.

“ನೌಸೋರಿ ಪೇಟೆಯಿಂದ. ನಮ್ಮ ಚಿಕ್ಕಪ್ಪನ ಮಗ ಮಾಂಸದ ಕೋಳಿ ಸಾಕ್ತಾನಲ್ಲ, ಅವನ ಹತ್ರ ಅರ್ಧ ಮಿಕ್ಕಿತ್ತು.”

“ಚೀಟಿನೂ ಅರ್ಧ ಹರಿದಿದೆ ರೀ. ಕೃಷಿ ಆಫೀಸಿನ ಮಕರೀತಾಗೆ ಒಂದು ಫೋನ್ ಮಾಡಬಾರ್ದಾ?”

“ಮಕರೀತಾಗಾ?” ಧರ್ಮೇನನ ತುತ್ತು ಕೈಯಲ್ಲೇ ನಿಂತಿತು. “ಐದನೇ ಕ್ಲಾಸಲ್ಲಿ ನಾನು ಲೆಕ್ಕ ಕಾಪಿ ಹೊಡೀತಿದ್ದಾಗ ಎದ್ದು ನಿಂತು ಮೇಷ್ಟ್ರಿಗೆ ಹೇಳಿಕೊಟ್ಟವಳು ಅವಳು. ಈಗ ನನ್ನ ಶೆಡ್ಡಿಗೂ ಬರ್ಬೇಕಾ?”

“ನಿನ್ನ ಶೆಡ್ಡು!” ರಾಮೌತಾರ್ ಗಂಟಲೊಳಗೇ ನಕ್ಕು ಮತ್ತೆ ಮೂಳೆಗೆ ಬಾಯಿ ಹಾಕಿದ್ದ.

ಹೀಗೆ ಪುಡಿ ನೀರಿಗೆ ಬಿತ್ತು. ಮೊಟ್ಟೆ ಟ್ರೇಗೆ ಏರಿತು. ಶೆಡ್ಡಿನ ಕೋಣೆ ಸೋರುತ್ತಿದ್ದುದರಿಂದ ಟ್ರೇಗಳು ಅಡುಗೆಮನೆಗೆ ಬಂದವು. ಮೊಸರು ಮಾತ್ರ ಬರಲಿಲ್ಲ.

ಆಜಿ ಮೊದಲು ಹೆಪ್ಪನ್ನು ಸಂಶಯಿಸಿದಳು. ಪಂಡಿತರ ಮನೆಗೆ ಹೋಗಿ ಒಂದು ಲೋಟ ಗಟ್ಟಿ ಮೊಸರು ಕೇಳಿ ತಂದಳು. ಮರುದಿನ ಬೆಳಿಗ್ಗೆ ಹಾಲು ಹಾಲಾಗಿಯೇ ಇತ್ತು. ಆಮೇಲೆ ಹಸುವಿನ ಸರದಿ. ಗೂಟದಲ್ಲಿ ಮೆಲುಕು ಹಾಕುತ್ತಿದ್ದ ಅದರ ಬಾಯಿ ಬಿಡಿಸಿ ನೋಡಿದಳು; ಬೇಲಿಯಾಚೆ ಏನು ಮೇಯ್ದಿದೆಯೆಂದು ಸಗಣಿಯನ್ನು ಕಡ್ಡಿಯಿಂದ ಕೆದಕಿದಳು. ಹಸುವನ್ನು ಬದಿಗಿಟ್ಟು ಡಬ್ಬಿಯ ಹಾಲಿನ ಪುಡಿ ಕಲಸಿ ಹೆಪ್ಪು ಹಾಕಿಸಿದಳು. ಅದೂ ಆಗಲಿಲ್ಲ.

“ದೃಷ್ಟಿ,” ಎಂದ ರಾಮೌತಾರ್ ಕುಂಬಳಕಾಯಿಯನ್ನು ತಟ್ಟೆಯಲ್ಲಿ ಅತ್ತಿಂದಿತ್ತ ತಳ್ಳುತ್ತ. “ಮೆಣಸಿನಕಾಯಿ ಸುಡೇ.”

“ದೃಷ್ಟಿ ಬೀಳೋ ಅಂಥದ್ದು ಏನಿದೆ ಈ ಮನೇಲಿ? ಸುಮ್ನೆ ಊಟ ಮಾಡಿ.”

“ಮೊಸರಿಲ್ದೆ ಇದನ್ನ ಊಟ ಅಂತಾರಾ?”

ಐದನೆಯ ದಿನ ಮಧ್ಯಾಹ್ನ ಲೋಸಾನಾ ಹೊಳೆ ದಾಟಿ ಬಂದಳು. ಹೊಳೆಯಾಚೆಯ ಹಳ್ಳಿಯಲ್ಲಿ ಚರ್ಚಿನ ಹೆಂಗಸರ ಅಡುಗೆಗೆಲ್ಲ ಅವಳೇ ಯಜಮಾನಿ. ಆಜಿಗಿಂತ ಎರಡು ಪಟ್ಟು ಅಗಲ, ನಕ್ಕರೆ ಕಿಟಕಿಯ ಗಾಜು ಕಟಕಟಿಸುತ್ತಿತ್ತು. ಬಗಲಲ್ಲಿ ಒಂದು ಹೊರೆ ಎಳೆಯ ಕೆಸುವಿನೆಲೆ. ಆಜಿಯನ್ನು ತನ್ನ ಅಜ್ಜಿಯರಂತೆ ‘ಬೂ’ ಎಂದೇ ಅವಳು ಕರೆಯುವುದು.

“ಬೂ, ನಿಮ್ಮ ದೇವರಿಗೆ ಮೊಟ್ಟೆ ಕಂಡ್ರೆ ಯಾಕಿಷ್ಟು ಕೋಪ?”

“ಕೋಪ ಅಲ್ಲಮ್ಮ. ಕೋಳಿಗೆ ಒಂಬತ್ತು ದಿನ ರಜೆ.”

“ರಜೆ ಯಾರು ತಗೊಂಡಿದ್ದಾರೆ? ಇಲ್ನೋಡು, ನೀವು ತಿನ್ನಲ್ಲ ಅಂದಷ್ಟೂ ಹಟ ಹಿಡಿದು ಇಟ್ಟಿವೆ!” ಅವಳು ಟ್ರೇಗಳ ಗೋಪುರವನ್ನು ಕೈಯಿಂದ ಸವರಿದಳು. “ಇದೆಲ್ಲ ನಂದೇ ತಾನೆ? ಮೂರು ಹಳ್ಳಿಯವರು ಬರ್ತಾರೆ. ನನ್ನ ಮಗಳು ವಾಸೀತಿನೂ ಸೂವಾದಿಂದ ಬರ್ತಿದ್ದಾಳೆ, ಕೈಕೂಸು ಎತ್ಕೊಂಡು. ‘ಅಮ್ಮಾ, ನಂಗೆ ಬೂ ಮನೆ ಮೊಟ್ಟೆನೇ ಬೇಕು, ಪೇಟೆದು ಬೇಡ’ ಅಂತ ಫೋನಲ್ಲೇ ಹಟ.”

“ನಿಮ್ದೇ, ತಗೊಳ್ಳಿ,” ಎಂದ ಧರ್ಮೇನ್ ಹಿಂಬಾಗಿಲಲ್ಲಿ ಬೂಟು ಕಳಚುತ್ತ. “ನಾನೇ ಹೊಳೆ ದಾಟಿಸಿ ಕೊಡ್ತೀನಿ. ಒಂದೂ ಒಡೀದ ಹಾಗೆ.”

“ಮಾತು?”

“ಮಾತು.”

ಲೋಸಾನಾ ಹೋಗುವಾಗ ಬಾಗಿಲು ಢಪ್ಪೆಂದಿತು. ಮುಂದಿನ ಕೋಣೆಯಿಂದ ಕೂಗು ಬಂತು. “ಮುರೀತೀನಿ ತಾತಾ, ಈಸ್ಟರ್ ಆದ್ಮೇಲೆ ಬಂದು ಪೂರ್ತಿ ಮುರೀತೀನಿ!” ಎಂದು ಅಂಗಳದಿಂದಲೇ ಉತ್ತರ ಹೋಯಿತು.

ಮೊಸರಿನ ಗುಟ್ಟು ಬಿಚ್ಚಿಕೊಂಡದ್ದು ಒಂದು ಚಹದ ಕಪ್ಪಿನಿಂದ. ಮೊಮ್ಮಗಳು ಅಶ್ವೀನಾ ಕುಡಿಯದೆ ಬಿಟ್ಟ ಹಾಲು ಅದು. ಕುದಿಸಿದ ಪಾತ್ರೆಯಿಂದ ನೇರವಾಗಿ ಬಗ್ಗಿಸಿದ್ದು. ಹೆಪ್ಪು ಕಲಕಿದ ಚಮಚವನ್ನು ಆಜಿ ಮರೆವಿನಲ್ಲಿ ಅದರೊಳಗೇ ಬಿಟ್ಟಿದ್ದಳು. ಆರನೆಯ ದಿನ ಬೆಳಿಗ್ಗೆ ಚಮಚ ಎಳೆಯಹೋದರೆ ಅದು ಬರಲೊಲ್ಲದು. ಕಪ್ಪಿನ ತುಂಬ ಮೊಸರು: ಗಟ್ಟಿ, ಬೆಳ್ಳಗೆ, ಚಮಚ ಅದರಲ್ಲಿ ದೀಪದ ಕಂಬದಂತೆ ನಿಂತಿತ್ತು.

“ಪ್ರನಿತಾ! ಓಡಿ ಬಾ!”

ಇಬ್ಬರೂ ಮೇಜಿಗೆ ಮೊಣಕೈಯೂರಿ ಆ ಕಪ್ಪನ್ನು ನೋಡಿದರು. ಪಕ್ಕದ ಬೋಗುಣಿಯಲ್ಲಿ ಹಾಲು ಎಂದಿನಂತೆ ತಣ್ಣಗೆ ಹೊಳೆಯುತ್ತಿತ್ತು.

“ಅದೇ ಹಸು,” ಎಂದಳು ಆಜಿ.

“ಅದೇ ಹೆಪ್ಪು,” ಎಂದಳು ಪ್ರನಿತಾ.

“ಅದೇ ಚಮಚ. ಮತ್ತೆ ಬೋಗುಣಿ ಹಾಲಿಗೇನಾಗಿದೆ ಧಾಡಿ?”

“ಇದು ಕಪ್ಪು, ಅದು ಬೋಗುಣಿ.”

“ಬೋಗುಣಿ ಮದುವೆಗೆ ಬಂದಿದ್ದು ಕಣೇ. ಇಷ್ಟು ವರ್ಷ ಸುಮ್ಮನಿದ್ದು ಈಗ ಮುನಿಸಿಕೊಳ್ಳುತ್ತಾ? ಇರು. ಹಾಲು ಕುದಿಸ್ತೀವಿ. ಆಮೇಲೆ?”

“ಆಮೇಲೆ ಆರಿಸೋಕೆ ಜಗ್ಗಿಗೆ ಹಾಕ್ತೀವಿ. ಜಗ್ಗಿಂದ ಬೋಗುಣಿಗೆ.”

“ಪುಡಿ ಹಾಲು ಕಲಸಿದ್ದು ಯಾವುದ್ರಲ್ಲಿ?”

ಪ್ರನಿತಾ ಬುಟ್ಟಿಯಿಂದ ಹಸಿರು ಜಗ್ಗನ್ನು ತೆಗೆದು ಬೆಳಕಿಗೆ ಹಿಡಿದಳು. ತೊಳೆದು ತೊಳೆದು ಮಸುಕಾದ ಜಗ್ಗು. ಒಳಗೆ ಏನೂ ಇರಲಿಲ್ಲ. ಆಜಿ ಅದನ್ನು ಕಸಿದುಕೊಂಡು ಕಿವಿಯ ಬಳಿ ಅಲ್ಲಾಡಿಸಿದಳು. ಎಲ್ಲೋ ಒಂದು ತೊಟ್ಟು ಸದ್ದು. ಪೊಳ್ಳು ಹಿಡಿಯನ್ನು ಬಿಳಿ ತಟ್ಟೆಯ ಮೇಲೆ ಕುಟ್ಟಿದಳು. ಹಳದಿ ನೀರಿನ ಎರಡು ಹನಿ ಬಿದ್ದವು. ಹಿಂದೆಯೇ ಹಳದಿಯ ಒಂದು ಚೂರು ಕರಣೆ.

“ಈ ಜಗ್ಗು ಎಲ್ಲಿಗೆ ಹೋಗಿತ್ತು?”

“ಅಪ್ಪ ಶೆಡ್ಡಿಗೆ ತಗೊಂಡ್ಹೋಗಿದ್ರು,” ಎಂದಳು ಶಾಲೆಯ ಚೀಲ ಹೆಗಲಿಗೇರಿಸುತ್ತಿದ್ದ ಅಶ್ವೀನಾ. “ಅಲ್ಲಿನ ಜಗ್ಗು ಒಡೆದಿದೆ. ಕೋಳಿ ಔಷಧಿ ಕಲಸಿ, ನಲ್ಲಿ ಕೆಳಗೆ ಚೆನ್ನಾಗಿ ತೊಳೆದೇ ಇಟ್ರು ಆಜಿ. ನಾನೇ ನೋಡ್ದೆ.”

ಆಜಿ ಬಹಳ ಹೊತ್ತು ಆ ಎರಡು ಹನಿಗಳನ್ನು ನೋಡಿದಳು. ಸಿಟ್ಟು ಬಂದಿರಲಿಲ್ಲ, ಮುದುಕಿಯ ಮುಖದಲ್ಲಿ ಹೊಸ ಹಕ್ಕಿಯನ್ನು ಕಂಡ ಮಗುವಿನ ಬೆರಗಿತ್ತು. ಆಮೇಲೆ ಕಣ್ಣು ನಿಧಾನವಾಗಿ ಗೋಡೆಯ ಕಡೆ ಹೊರಳಿತು: ಟ್ರೇಯ ಮೇಲೆ ಟ್ರೇ, ಟ್ರೇಯ ಮೇಲೆ ಟ್ರೇ.

ಆ ಸಂಜೆಯ ಊಟಕ್ಕೆ ಮೊಸರಿತ್ತು, ಒಂದೇ ಕಪ್ಪು. ಆಜಿ ಅದನ್ನು ಮಗನ ತಟ್ಟೆಯ ಮುಂದಿಟ್ಟಳು, ಅದರ ಪಕ್ಕದಲ್ಲಿ ಜಗ್ಗನ್ನಿಟ್ಟಳು, ಕಥೆಯನ್ನೆಲ್ಲ ಹೇಳಿದಳು.

ಧರ್ಮೇನ್ ನಕ್ಕ. “ಅಷ್ಟೇನಾ? ನನ್ನದೇ ತಪ್ಪು. ಪೇಟೆಗೆ ಹೋದಾಗ ಹೊಸ ಜಗ್ಗು ತರ್ತೀನಿ.”

“ಜಗ್ಗಿನ ಮಾತಲ್ಲ ಬೇಟಾ. ಹಿಡಿಯೊಳಗೆ ಅಂಟಿಕೊಂಡ ಚೂರು ಇಷ್ಟು ದಿನ ನನ್ನ ಹಾಲನ್ನ ಕಟ್ಟಿಹಾಕಿತು. ಕೋಳಿ ಮೂರು ದಿನ ಅದನ್ನೇ ಹೊಟ್ಟೆ ತುಂಬ ಕುಡಿದಿದೆ. ಆ ಮೊಟ್ಟೇಲಿ ಏನಿರುತ್ತೆ?”

“ಏನೂ ಇರಲ್ಲ. ಅದಕ್ಕೇ ಅಲ್ವಾ ವಾರ ಕಾಯ್ತಿರೋದು?”

“ಯಾರು ಕಾಯ್ತಿರೋದು?”

“ಮೊಟ್ಟೆ.”

“ಮೊಟ್ಟೆ ಎಲ್ಲಿ ಕಾಯ್ತಿದೆ?”

“ಅಲ್ಲೇ, ಟ್ರೇನಲ್ಲಿ. ಅಮ್ಮಾ, ಇದೇನು ಪೊಲೀಸ್ ಠಾಣೆಯಾ?”

ಆಜಿ ತೊವ್ವೆಯ ಪಾತ್ರೆಯನ್ನು ಮುಂದೆ ಎಳೆದಳು. “ಇದಕ್ಕೆ ಉಪ್ಪು ಹಾಕಿದ್ದೀನಿ. ಮುಚ್ಚಿ ಕಪಾಟಿನ ಮೇಲೆ ಒಂದು ವಾರ ಇಡ್ತೀನಿ. ಉಪ್ಪು ಎದ್ದುಹೋಗುತ್ತಾ?”

ಅಶ್ವೀನಾ “ಹೋಗಲ್ಲ,” ಎಂದಳು.

“ಸುಮ್ನಿರೇ ನೀನು,” ಎಂದ ಧರ್ಮೇನ್. ಅವನ ಕಿವಿ ಕೆಂಪಾಗಿತ್ತು. “ಡಬ್ಬದ ಮೇಲೆ ಬರೆದವರು ದಡ್ಡರಾ? ಕಾಯ್ಬೇಕು ಅಂತ ಬರ್ದಿದೆ, ಕಾಯ್ತಿದ್ದೀನಿ. ಪಿತಾಜಿ ಒಂದು ದಿನಾನೂ ಕಾಯಲಿಲ್ಲ, ಅವರನ್ನ ಯಾರೂ ಒಂದು ಮಾತು ಕೇಳಿಲ್ಲ. ನಿಯಮ ಪಾಲಿಸಿದವನಿಗೆ ವಿಚಾರಣೆ!”

“ನನ್ನ ಹೆಸರು ಯಾಕೆ ಎಳೀತೀಯ?” ರಾಮೌತಾರ್ ಗದರಿದ. “ನಾನು ಹಾಕ್ತಿದ್ದಾಗ ಮನೇಲಿ ಮೊಸರು ಆಗ್ತಿತ್ತು!”

“ಯಾಕಂದ್ರೆ ನೀವು ನನ್ನ ಜಗ್ಗು ಮುಟ್ತಿರಲಿಲ್ಲ,” ಎಂದಳು ಆಜಿ.

ಪ್ರನಿತಾ ಎದ್ದು ತಟ್ಟೆಗಳನ್ನು ಒಟ್ಟುಮಾಡುತ್ತ, ಯಾರನ್ನೂ ನೋಡದೆ ಹೇಳಿದಳು: “ಮಕರೀತಾಗೆ ಫೋನ್ ಮಾಡೋಕೆ ಒಂದು ನಿಮಿಷ ಸಾಕು.”

“ಮಾಡು. ಮಾಡಿ ಹೇಳು, ನನ್ನ ಗಂಡನಿಗೆ ಇನ್ನೂ ಲೆಕ್ಕ ಬರಲ್ಲ ಅಂತ!” ಧರ್ಮೇನ್ ಮೊಸರಿನ ಕಪ್ಪನ್ನು ಮುಟ್ಟದೆ ಎದ್ದ. ಹೋಗುತ್ತ ಅವನ ಕೈ ತಾನಾಗಿಯೇ ಜೇಬಿನ ಕೀಲಿಯನ್ನು ಮುಟ್ಟಿಕೊಂಡಿತು. ಅಪ್ಪನ ಕಣ್ಣು ಗೂಟದ ಮೇಲಿತ್ತು.

ಫೋನ್ ಮಾಡಿದವಳು ಆಜಿ. ಮರುದಿನ ಬೆಳಿಗ್ಗೆ, ಮಗ ಶೆಡ್ಡಿನಲ್ಲಿದ್ದಾಗ, ಸೊಸೆಯಿಂದ ನಂಬರು ಒತ್ತಿಸಿಕೊಂಡು, ಅಗತ್ಯಕ್ಕಿಂತ ಹೆಚ್ಚು ಜೋರಾಗಿ: “ಬೇಟೀ, ನಂಗೊಂದು ಸಂಶಯ ಇದೆ. ಮೊಸರಿನ ಸಂಶಯ.”

ಮಕರೀತಾ ಎಂಟನೆಯ ದಿನ ಬಂದಳು. ಎತ್ತರದ ಹೆಂಗಸು, ಕಿವಿಯ ಹಿಂದೆ ಒಂದು ಹೂವು, ಕೈಯಲ್ಲಿ ತೊಳೆದ ರಬ್ಬರ್ ಬೂಟು. ಧರ್ಮೇನನನ್ನು ಕಂಡು “ಲೆಕ್ಕದ ಮೇಷ್ಟ್ರೇ, ನಮಸ್ಕಾರ,” ಎಂದಳು. ಅವನು ನಗಲಿಲ್ಲ. ಅವಳೂ ಆಮೇಲೆ ತಮಾಷೆಯನ್ನು ಬಿಟ್ಟಳು.

ಶೆಡ್ಡಿನೊಳಗೆ ಅವಳು ಮೊದಲು ಮಾಡಿದ್ದು ಕುಕ್ಕರಗಾಲಲ್ಲಿ ಕುಳಿತದ್ದು. “ತಾತಾ, ನೀವೂ ಕೂತ್ಕೊಳ್ಳಿ. ಕೋಳಿ ಎತ್ತರಕ್ಕೆ.”

“ನಂಗೆ ಮಂಡಿ ನೋವು.”

“ಒಂದು ಕ್ಷಣ ಅಷ್ಟೇ.”

ರಾಮೌತಾರ್ ಕಂಬ ಹಿಡಿದು ಮೆಲ್ಲಗೆ ಇಳಿದ. ಇಳಿದವನು ಮರುಗಳಿಗೆಯಲ್ಲೇ ಮುಖ ಹಿಂಡಿದ. ನಿಂತಾಗ ತಿಳಿಯದಿದ್ದ ಘಾಟು ಅಲ್ಲಿ ಕೆಳಗೆ ಮಂಜಿನಂತೆ ತುಂಬಿತ್ತು. ಕಣ್ಣಲ್ಲಿ ನೀರು ಬಂತು. ಗಂಟಲಲ್ಲಿ ಕಿರ್ ಕಿರ್ ಎಂದಿತು. ಎರಡು ಕೋಳಿಗಳು ಕತ್ತು ಓರೆ ಮಾಡಿ ಅವನನ್ನು ನೋಡಿದವು.

“ಈಗ ನಿಮಗೂ ಪುಡಿ ಕೊಡೋಣ್ವಾ?” ಎಂದಳು ಮಕರೀತಾ. “ಹಾಸಿನ ಹೊಟ್ಟು ಪೂರ್ತಿ ಒದ್ದೆ. ಗಾಳಿಗೆ ಅಂತ ಬಿಟ್ಟ ಕಡೆಯೆಲ್ಲ ಮಳೆಗೆ ಹೆದರಿ ಟಾರ್ಪಾಲು ಕಟ್ಟಿದ್ದೀರಿ. ಇಲ್ಲಿ ಉಸಿರಾಡಿದ್ರೆ ಯಾರಿಗೆ ಕೆಮ್ಮು ಬರಲ್ಲ? ಒಂದೆರಡು ಕೋಳಿ ಗಂಟಲ ನೀರು ಪರೀಕ್ಷೆಗೆ ಕಳಿಸ್ತೀನಿ. ಬೇರೆ ರೋಗ ಇದ್ರೆ ಅದಕ್ಕೆ ಬೇಕಾದ ಔಷಧಿ ಡಾಕ್ಟರು ಬರ್ಕೊಡ್ತಾರೆ. ಮೊದಲು ಹೊಟ್ಟು ಬದಲಾಯ್ಸಿ.”

ಅಡುಗೆಮನೆಯಲ್ಲಿ ಅವಳು ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿದಳು. ಫೋನಿನಲ್ಲಿ ಅದೇ ಡಬ್ಬದ ಹರಿಯದ ಚೀಟಿಯನ್ನು ಹುಡುಕಿ ಮೇಜಿನ ಮೇಲಿಟ್ಟಳು. ಧರ್ಮೇನ್ ಬಗ್ಗಿ ಓದಿದ. ಓದಿದ ಮೇಲೆ ಬಗ್ಗಿಯೇ ಇದ್ದ.

“ಏನಂತೆ?” ಎಂದಳು ಆಜಿ.

ಮಗನೇ ಹೇಳಿದ, ನೆಲಕ್ಕೆ: “ಮೊಟ್ಟೆ ಇಡೋ ಕೋಳಿಗೆ ಕೊಡಬಾರದು ಅಂತಿದೆ. ಹರಿದ ಭಾಗದಲ್ಲಿ.”

“ಆ ಒಂದು ವಾರ?”

“ಅದು ಮಾಂಸದ ಕೋಳಿಗೆ ಆಜಿ,” ಎಂದಳು ಮಕರೀತಾ. “ಔಷಧಿ ನಿಲ್ಲಿಸಿ ವಾರ ಆಗೋವರೆಗೆ ಕೊಯ್ಯಬಾರದು. ಔಷಧಿ ಮೈಯಿಂದ ಹೊರಗೆ ಹೋಗೋಕೆ ಆ ಸಮಯ ಬೇಕು. ಕಾಯಬೇಕಾದ್ದು ಕೋಳಿ, ಮೊಟ್ಟೆಯಲ್ಲ. ಚಿಪ್ಪಿನೊಳಗೆ ಸೇರಿದ್ದು ಎಲ್ಲಿಗೆ ಹೋಗುತ್ತೆ?”

ಆಜಿ ಮಗನ ಕಡೆ ನೋಡಲಿಲ್ಲ. ತೊವ್ವೆ, ಉಪ್ಪು ಎಂದು ನೆನಪಿಸಲೂ ಇಲ್ಲ.

“ಒಂದು ಮೊಟ್ಟೆ ತಿಂದ್ರೆ ಯಾರಾದ್ರೂ ಸಾಯ್ತಾರಾ?” ರಾಮೌತಾರ್ ಬಾಗಿಲಿಂದ ಕೇಳಿದ. ಕಣ್ಣು ಇನ್ನೂ ಕೆಂಪಗಿತ್ತು.

“ಸಾಯಲ್ಲ ತಾತಾ. ಕೆಲವರ ಮೈಗೆ ಈ ಔಷಧಿ ಆಗಿಬರಲ್ಲ, ಅವರಿಗೆ ತೊಂದರೆ ಆಗಬಹುದು. ಉಳಿದವರಿಗೆ ಗೊತ್ತೂ ಆಗಲ್ಲ. ಆದ್ರೆ ರೋಗದ ಹುಳ ಇದೆಯಲ್ಲ, ಅದು ಕಲೀತಾ ಹೋಗುತ್ತೆ. ದಿನಾ ಒಂದು ಚಿಟಿಕೆ ರುಚಿ ನೋಡಿ ನೋಡಿ, ಇಷ್ಟೇನಾ ನಿನ್ನ ಔಷಧಿ ಅನ್ನೋ ಹಾಗಾಗುತ್ತೆ. ಆಮೇಲೆ ಒಂದು ದಿನ ಯಾರದೋ ಕೈಕೂಸಿಗೆ ನಿಜವಾಗಿ ಜ್ವರ ಬಂದಾಗ, ಆಸ್ಪತ್ರೇಲಿ ಅದೇ ಜಾತಿ ಔಷಧಿ ಕೊಟ್ರೆ ಹುಳ ನಗುತ್ತೆ.”

ಪ್ರನಿತಾಳ ನೋಟ ಅತ್ತೆಯ ನೋಟವನ್ನು ಸಂಧಿಸಿತು. ವಾಸೀತಿಯ ಕೂಸನ್ನು ಇಬ್ಬರೂ ಇನ್ನೂ ನೋಡಿರಲಿಲ್ಲ.

“ಹಾಗಾದ್ರೆ ಇಷ್ಟನ್ನೂ?” ಪ್ರನಿತಾ ಗೋಪುರದ ಕಡೆ ಗಲ್ಲ ಎತ್ತಿದಳು.

“ಆಳವಾಗಿ ಹೂಳಬೇಕು. ನಾಯಿ ಕೆದಕಬಾರದು. ನಾನು ಹೇಳೋವರೆಗೆ ಇಟ್ಟ ಮೊಟ್ಟೆಗೂ ಅದೇ ದಾರಿ. ಮಿಕ್ಕ ಪುಡಿ ನನ್ನ ಕೈಗೆ ಕೊಡಿ. ತಿಪ್ಪೆಗೆ ಬೇಡ, ಹೊಳೆಗಂತೂ ಬೇಡವೇ ಬೇಡ.” ಅವಳು ಬೂಟು ಎತ್ತಿಕೊಂಡಳು. “ಮೊಟ್ಟೆ ಯಾರಿಗಾದ್ರೂ ಒಪ್ಪಿದ್ದೀರಾ?”

“ಹೊಳೆಯಾಚೆ ಚರ್ಚಿನವರಿಗೆ,” ಎಂದಳು ಆಜಿ. “ಯಾರು ಹೇಳೋದು ಅವರಿಗೆ?”

“ಶೆಡ್ಡಿನ ಕೀಲಿ ಯಾರ ಹತ್ರ ಇದೆಯೋ ಅವರೇ ಹೇಳ್ಬೇಕು.”

ಮಕರೀತಾ ಹೋದ ಮೇಲೆ ಆಜಿ ಹಾಲನ್ನು ಜಗ್ಗಿಗೆ ಹಾಕದೆ, ಕುದಿಸಿದ ಪಾತ್ರೆಯಿಂದಲೇ ಬೋಗುಣಿಗೆ ಬಗ್ಗಿಸಿ ಹೆಪ್ಪು ಹಾಕಿದಳು. ಒಂಬತ್ತನೆಯ ದಿನದ ಬೆಳಿಗ್ಗೆ ಬೋಗುಣಿಯ ತಟ್ಟೆ ಎತ್ತಿದಾಗ ಮೊಸರು ಬಿಳಿ ಕಲ್ಲಿನ ಹಾಸಿನಂತೆ ನಿಶ್ಚಲವಾಗಿ ಕುಳಿತಿತ್ತು. ಆಜಿ ಅದನ್ನು ಓರೆ ಮಾಡಿದಳು, ನೇರ ಮಾಡಿದಳು, ಮತ್ತೊಮ್ಮೆ ಓರೆ ಮಾಡಿದಳು. ದೇವರ ಮುಂದೆ ಇಟ್ಟರು. ಎಲ್ಲರೊಡನೆ ಲಾರಿಯೇರಿ ಕಡಲಿಗೆ ಹೋಗಿ ಪೂಜೆಯ ಹೂವನ್ನು ನೀರಿಗೆ ಬಿಟ್ಟು ಬಂದರು. ಲಾರಿಯಲ್ಲಿ ಊರವರು ಹಾಡುತ್ತಿದ್ದರು; ಧರ್ಮೇನ್ ಹಾಡಲಿಲ್ಲ. ಬಂದವನೇ ಬಟ್ಟೆ ಬದಲಿಸಿ ಬಾಳೆಗಿಡಗಳ ಹಿಂದೆ ಗುಂಡಿ ತೋಡತೊಡಗಿದ.

ರಾಮೌತಾರ್ ಗುಂಡಿಯ ಅಂಚಿಗೆ ಬಂದು ನಿಂತ.

“ಇನ್ನೂ ಆಳ ಬೇಕು.”

“ಗೊತ್ತು.”

“ಲೋಸಾನಾಗೆ ಏನು ಹೇಳ್ತೀಯ? ಕೋಳಿ ಮೊಟ್ಟೆ ಇಡಲಿಲ್ಲ ಅಂತ ಹೇಳು. ಕಾಯಿಲೆ ಇತ್ತಲ್ಲ.”

“ಆಕೆ ಕಣ್ಣಾರೆ ನೋಡಿದ್ದಾರೆ ಪಿತಾಜಿ. ಕೈಯಿಂದ ಸವರಿ ಹೋಗಿದ್ದಾರೆ.”

“ಗೋಪುರ ಬಿತ್ತು, ಎಲ್ಲ ಒಡೆದುಹೋಯ್ತು ಅನ್ನು.”

ಧರ್ಮೇನ್ ಗುದ್ದಲಿಗೆ ಗಲ್ಲ ಆನಿಸಿ ಅಪ್ಪನನ್ನು ನೋಡಿದ. “ಈ ವರ್ಷ ಬಿದ್ದು ಒಡೀಲಿ. ಮುಂದಿನ ಸಲ ವಾಸೀತಿ ನಮ್ಮ ಮೊಟ್ಟೆನೇ ಬೇಕು ಅಂತ ಹಟ ಹಿಡಿದಾಗ ನಾನು ಯಾವ ಮುಖ ಇಟ್ಕೊಂಡು ಕೊಡಲಿ?”

ಮುದುಕ ಟ್ರೇಗಳನ್ನು ಒಂದೊಂದಾಗಿ ಅಡುಗೆಮನೆಯಿಂದ ತಂದು ಕೊಡತೊಡಗಿದ. ಮೊಟ್ಟೆಗಳು ಗುಂಡಿಯೊಳಗೆ ಒಡೆಯುವ ಸದ್ದು ಸಣ್ಣದು, ಒದ್ದೆಯದು. ಅದನ್ನು ಕೇಳಲಾರದೆ ಆಜಿ ಕಿಟಕಿಯ ಪಟ್ಟಿಗಳನ್ನು ಮುಚ್ಚಿದಳು. ಹಸಿದವರ ನಡುವೆ ಬೆಳೆದವಳು ಅವಳು.

ಸಂಜೆಗೆ ಗೋಡೆ ಬರಿದಾಗಿತ್ತು. ಟ್ರೇಗಳಿದ್ದ ಜಾಗದಲ್ಲಿ ಸುಣ್ಣ ಬೇರೆ ಬಣ್ಣದ್ದಾಗಿ ಕಾಣುತ್ತಿತ್ತು. ಧರ್ಮೇನ್ ಸ್ನಾನ ಮಾಡಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಈಸ್ಟರ್‌ಗೆ ಇನ್ನು ಎರಡೇ ದಿನ. ಬೇರೆ ಕಡೆ ಹುಡುಕಿಕೊಳ್ಳಲಾದರೂ ಅವರಿಗೆ ಹೊತ್ತು ಬೇಕಿತ್ತು.

“ಬರಿಗೈಲಿ ಹೋಗ್ತೀಯಾ?” ಎಂದ ರಾಮೌತಾರ್.

ಬರಿಗೈಯಲ್ಲಿ ಹೋಗಿ ಕ್ಷಮೆ ಕೇಳುವ ರೂಢಿ ಆ ಹೊಳೆಯ ಯಾವ ದಡದಲ್ಲೂ ಇಲ್ಲ. ಮುದುಕ ತನ್ನ ಮಂಚದ ಕೆಳಗಿಂದ ಯಂಗೋನ ಬೇರಿನ ಕಟ್ಟೊಂದನ್ನು ಎಳೆದ. ಉಪವಾಸ ಮುಗಿದ ಸಂಜೆ ಅರೆದು ಕಲಸಿ ಗೆಳೆಯರೊಡನೆ ಕುಡಿಯಲೆಂದು ಆರಿಸಿಟ್ಟ ಒಳ್ಳೆಯ ಬೇರು. ದಿನಪತ್ರಿಕೆಯಲ್ಲಿ ಸುತ್ತಿ, ದಾರ ಬಿಗಿದು, ಮಗನ ಎರಡು ಕೈಗಳ ಮೇಲಿಟ್ಟ. ಆ ಮನೆಯ ಪರವಾಗಿ ಹೊಳೆಯಾಚೆ ಕುಳಿತು ಮಾತಾಡುತ್ತಿದ್ದವನು ಇಂದಿನವರೆಗೂ ಆ ಮುದುಕನೊಬ್ಬನೇ.

“ಮೊದಲು ಕೆಳಗೆ ಕೂರು. ಬೇರು ಮುಂದಿಡು. ಆಮೇಲೆ ಬಾಯಿ ಬಿಡು. ಸುತ್ತಿ ಬಳಸಿ ಹೇಳಬೇಡ.”

“ಹೂಂ.”

“ಲೋಸಾನಾ ನಗಬಹುದು. ಬೈಯಲೂಬಹುದು. ಎರಡೂ ಕೇಳು.”

“ಹೂಂ ಪಿತಾಜಿ.”

ಧರ್ಮೇನ್ ಕಟ್ಟನ್ನು ಮೇಜಿನ ಮೇಲಿಟ್ಟು, ಜೇಬಿಗೆ ಕೈ ಹಾಕಿ ಕೀಲಿಯನ್ನು ತೆಗೆದ. ಯಾರ ಮುಖವನ್ನೂ ನೋಡದೆ ಬಾಗಿಲ ಬಳಿಗೆ ಹೋಗಿ ಅದನ್ನು ಗೂಟಕ್ಕೆ ಸಿಕ್ಕಿಸಿದ. ಹೊಸ ವರ್ಷದಿಂದ ಬರಿದಾಗಿದ್ದ ಗೂಟದಲ್ಲಿ ಕೀಲಿ ಒಂದೆರಡು ಸಲ ತೂಗಾಡಿ ನಿಂತಿತು. ಪ್ರನಿತಾ ಸೌಟು ಹಿಡಿದವಳು ಹಾಗೆಯೇ ನಿಂತಳು.

ರಾಮೌತಾರ್ ಎದ್ದು ಬಂದ. ಕೀಲಿಯನ್ನು ಬೆರಳಿನಿಂದ ಮುಟ್ಟಿದ. ಗೂಟವನ್ನು ಹಿಡಿದು ಅಲ್ಲಾಡಿಸಿದ. ಗೋಡೆಯಲ್ಲಿ ಅದು ಸ್ವಲ್ಪವೂ ಮಿಸುಕಲಿಲ್ಲ.

“ಈ ಗೂಟ ಸಡಿಲ ಆಗಿದೆ,” ಎಂದ. “ಭಾರ ತಡೆಯಲ್ಲ. ಜೇಬಲ್ಲಿಟ್ಕೋ.”

“ಪಿತಾಜಿ...”

“ಬರ್ತಾ ಕೋಳಿ ನೀರು ನೋಡ್ಬೇಕಲ್ಲ. ನನ್ನ ಮಂಡಿಗೆ ಆಗಲ್ಲ. ಹೊಟ್ಟು ಬೇರೆ ಬದಲಾಯ್ಸಬೇಕು ನಾಳೆ. ಹೋಗು, ಕತ್ತಲಾಗೋ ಮುಂಚೆ ದೋಣಿ ಹಿಡಿ.”

ಧರ್ಮೇನ್ ಕೀಲಿಯನ್ನು ಜೇಬಿಗೆ ಹಾಕಿಕೊಂಡ. ಬೇರಿನ ಕಟ್ಟನ್ನು ಎರಡೂ ಕೈಯಲ್ಲಿ ಎತ್ತಿ ಎದೆಗೆ ಒತ್ತಿ ಹಿಡಿದ. ಕೈ ಬಿಡುವಿಲ್ಲದ್ದರಿಂದ ಜಾಲರಿ ಬಾಗಿಲನ್ನು ಭುಜದಿಂದ ತಳ್ಳಿ ಹೊರಗೆ ಹೋದ. ಆಜಿ, ಪ್ರನಿತಾ, ಅಶ್ವೀನಾ ಮೂವರೂ ಮುದುಕನ ಕೂಗಿಗಾಗಿ ಕಾದರು. ಅವನು ಕೂಗಲಿಲ್ಲ. ಸ್ಪ್ರಿಂಗು ಒಮ್ಮೆ ನರಳಿ, ಬಾಗಿಲು ಮಗನ ಹಿಂದೆ ಢಪ್ಪೆಂದು ಮುಚ್ಚಿಕೊಂಡಿತು.